ಕುಲುಮೆ ಮೇಷ್ಟ್ರ ಬೀಳ್ಕೊಡುಗೆ

ಜಿರಾಫೆ ಹೇಗೆ ಮಲಗುತ್ತದೆ ಎಂಬ ಪ್ರಶ್ನೆಯಿಂದ ಇಷ್ಟೆಲ್ಲ ಆಯಿತು.

ಕೇಳಿದವಳು ಮಗಳು. ಅಪ್ಪ ಆಗ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಪಾಲಿಟೆಕ್ನಿಕ್ಕಿನ ‘ಸಿಬ್ಬಂದಿ ವಾರ್ತೆ’ಯನ್ನು ಮುಗಿಸುತ್ತಿದ್ದ. ಓದಿದ್ದೂ ಕಲಿಸುವುದೂ ಸರ್ವೇ ಆದರೂ, ಅವನ ತಲೆಗೆ ಇನ್ನೆರಡು ಟೋಪಿ ತೊಡಿಸಿದ್ದರು. ಸಂಶೋಧನಾ ನೆರವು ಘಟಕದ ಸಂಚಾಲಕನೂ ಅವನೇ, ಸಿಬ್ಬಂದಿ ವಾರ್ತೆಯ ಸಂಪಾದಕನೂ ಅವನೇ. ಎರಡಕ್ಕೂ ಸೇರಿ ಒಂದೇ ಕುರ್ಚಿ, ಅದಕ್ಕೂ ಒಂದು ಕೈ ಇರಲಿಲ್ಲ. ಕಾಲೇಜಿನಲ್ಲಿ ಎಲ್ಲರೂ ಅವನನ್ನು ‘ವಾರ್ತೆ’ ಎಂದೇ ಕರೆಯುತ್ತಿದ್ದರು.

ವಾರ್ತೆ ಹೊರಡಿಸುವ ಕ್ರಮ ಸರಳವಾಗಿತ್ತು. ಹಿಂದಿನ ತಿಂಗಳದ್ದನ್ನು ತೆರೆಯುವುದು, ಹಳೆಯ ಹೆಸರು ತೆಗೆದು ಹೊಸ ಹೆಸರು, ಹಳೆಯ ಫೋಟೋ ತೆಗೆದು ಹೊಸ ಫೋಟೋ, ಹಳೆಯ ಸುದ್ದಿ ತೆಗೆದು ಹೊಸ ಸುದ್ದಿ. ಬಾಡಿಗೆ ಮನೆಗೆ ಹೊಸ ಸಂಸಾರ ಬಂದ ಹಾಗೆ. ಗೋಡೆ ಅದೇ, ಮೊಳೆಗಳೂ ಅವೇ.

ಈ ಸಲದ ಮುಖ್ಯ ಸುದ್ದಿ ಕುಲುಮೆ ಮೇಷ್ಟ್ರದು. ಎರಕದ ಕಾರ್ಯಾಗಾರದ ಹಿರಿಯ ಬೋಧಕರು ಅವರು. ಕೆಲವು ಸಲ ಲೋಹ ಸುರಿದ ಮೇಲೆ ಅಚ್ಚಿನ ಮರಳನ್ನು ಎಲ್ಲರೂ ಆಚೆ ಎಸೆಯುತ್ತಾರೆ; ಅದೇ ಮರಳಿನಿಂದ ಮತ್ತೆ ಮತ್ತೆ ಬಿರುಕಿಲ್ಲದ ಅಚ್ಚು ಮಾಡಬಹುದು ಎನ್ನುವುದು ಮೇಷ್ಟ್ರ ಹಟ. ವರ್ಷಗಟ್ಟಲೆ ಮಾಡಿ ನೋಡಿದ್ದರು, ಆದರೆ ಅನುದಾನ ಕೇಳಿ ಬರೆದು ಕಳಿಸಲು ಬರುತ್ತಿರಲಿಲ್ಲ. ವಾರ್ತೆ ಪಕ್ಕದಲ್ಲಿ ಕೂತು ಬರೆದುಕೊಟ್ಟಿದ್ದ.

“ಮರಳಿಗೆ ಮರೆವು ಇರಬೇಕು ಕಣಯ್ಯ. ಹಳೆ ಅಚ್ಚನ್ನ ಮರೀಬೇಕು” ಎಂದು ಮೇಷ್ಟ್ರು ಹೇಳಿದರೆ, ವಾರ್ತೆ ‘ಬಳಸಿದ ಮರಳಿನ ಬಂಧಕ ಗುಣಗಳ ಪುನಃಸ್ಥಾಪನೆ’ ಎಂದು ಬರೆಯುತ್ತಿದ್ದ.

“ನಾನು ಹೇಳಿದ್ದು ಇದೇನಾ?”

“ಇದೇ ಮೇಷ್ಟ್ರೇ. ಕೋಟು ಹಾಕ್ಕೊಂಡಿದೆ ಅಷ್ಟೆ.”

ಅಂತೂ ಮೇಲಿನವರು ಒಪ್ಪಿದರು. ಮೇಷ್ಟ್ರಿಗೆ ಹೊಸ ಕುಲುಮೆ ಮಂಜೂರಾಯಿತು. ಆ ಸುದ್ದಿಗೆ ವಾರ್ತೆ ಹೊಸ ಹೆಸರು ಹಾಕಿದ, ಮಸಿ ಮೆತ್ತಿದ ಮುಖದ ಹೊಸ ಫೋಟೋ ಹಾಕಿದ. ಇನ್ನು ಕೆಳಗಿನ ಹಳೆಯ ಸಾಲುಗಳನ್ನು ಬದಲಿಸಬೇಕು, ಅಷ್ಟರಲ್ಲಿ:

“ಅಪ್ಪಾ, ಜಿರಾಫೆ ಹೇಗೆ ಮಲಗುತ್ತೆ?”

“ಎಲ್ಲರ ಹಾಗೇ ಪುಟ್ಟಿ.”

“ಕುತ್ತಿಗೆ ಎಲ್ಲಿ ಇಟ್ಕೊಳ್ಳುತ್ತೆ?”

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಪ್ಪ ಮಗಳು ಇಬ್ಬರೂ ನೆಲದ ಮೇಲೆ ಮಲಗಿ, ಕುತ್ತಿಗೆಯನ್ನು ಅತ್ತ ಇತ್ತ ಹೊರಳಿಸಿ ಪ್ರಯೋಗ ಮಾಡಿದರು. ಹೆಂಡತಿ ಬಂದು, “ಒಬ್ಬಳನ್ನ ಎಬ್ಬಿಸಿ ಊಟಕ್ಕೆ ಕೂರಿಸು ಅಂದ್ರೆ ಇಬ್ಬರೂ ಬಿದ್ಕೊಂಡಿದೀರಲ್ಲ!” ಎಂದಳು. ವಾರ್ತೆ ಎದ್ದು ಒಂದು ಗುಂಡಿ ಒತ್ತಿದ. ಸಿಬ್ಬಂದಿ ವಾರ್ತೆಯ ಪ್ರತಿ ಪ್ರಿನ್ಸಿಪಾಲರಿಗೆ ಹೋಯಿತು. ಅವರು ಎಂದಿನಂತೆ ಓದದೆ ಸಹಿ ಹಾಕಿದರು. ಬೆಳಗಾಗುವ ಹೊತ್ತಿಗೆ ಕಾಲೇಜಿನ ಎಲ್ಲರ ಫೋನಿಗೂ ತಲುಪಿತ್ತು.

ಹಿಂದಿನ ತಿಂಗಳ ಮುಖ್ಯ ಸುದ್ದಿ ಉಗ್ರಾಣದವರ ನಿವೃತ್ತಿಯಾಗಿತ್ತು.

ಕಾಲೇಜಿನ ಮೆಟ್ಟಿಲ ಮೇಲೇ ಡ್ರಾಯಿಂಗ್ ಮೇಡಂ ಅವನನ್ನು ಹಿಡಿದರು. ಅವರ ಕೈಯಲ್ಲಿ ಕರವಸ್ತ್ರ, ಆಗಲೇ ಅರ್ಧ ಒದ್ದೆ.

“ಏನ್ರೀ ವಾರ್ತೆ, ಮೊದಲೇ ಒಂದು ಮಾತು ಹೇಳಬಾರದಾ? ಕುಲುಮೆ ಮೇಷ್ಟ್ರು ಹೊರಟೇಬಿಟ್ರಲ್ಲ!”

“ಎಲ್ಲಿಗೆ?”

ಮೇಡಂ ಫೋನು ತೋರಿಸಿದರು. ಮೇಷ್ಟ್ರ ನಗುಮುಖದ ಕೆಳಗೆ ಅಚ್ಚಾಗಿತ್ತು: ‘ದೀರ್ಘ ಸೇವೆಯ ನಂತರ ಇಂದು ನಿವೃತ್ತರಾಗುತ್ತಿರುವ ಇವರ ವಿಶ್ರಾಂತ ಜೀವನ ಸುಖಮಯವಾಗಿರಲಿ. ಸಂಜೆ ನಾಲ್ಕಕ್ಕೆ ಸಭಾಂಗಣದಲ್ಲಿ ಬೀಳ್ಕೊಡುಗೆ. ಎಲ್ಲರೂ ಬನ್ನಿ.’

ಕರೆಂಟು ಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡವನ ಹಾಗಾಯಿತು ವಾರ್ತೆಗೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ಅಯ್ಯೋ ದೇವರೇ! ನಾನು ಭಾಷಣ ಬರೆದಾಗಿದೆಯಲ್ರೀ.”

“ಅವರು ನಿಜವಾಗಿ ನಿವೃತ್ತಿಯಾಗೋ ದಿನಕ್ಕೆ ಇಟ್ಕೊಳ್ಳಿ ಮೇಡಂ.”

“ಭಾಷಣ ಇಟ್ಕೋಬಹುದು. ಇವತ್ತು ಬಂದ ಅಳು ಆವತ್ತೂ ಬರುತ್ತೆ ಅಂತ ಏನು ಗ್ಯಾರಂಟಿ?” ಮೇಡಂ ಮೂಗು ಒರೆಸಿಕೊಂಡರು. “ಹೋಗಿ, ಬೇಗ ಸರಿ ಮಾಡಿ. ನಾನು ಯಾರಿಗೂ ಹೇಳಲ್ಲ.”

ಒಂದೇ ಸಮಾಧಾನವೆಂದರೆ, ಮೇಷ್ಟ್ರು ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುತ್ತಿರಲಿಲ್ಲ. ಅವರ ಕಿವಿಗೆ ಬೀಳುವ ಮೊದಲು ತಾನೇ ಹೇಳಿಬಿಡಬೇಕೆಂದು ವಾರ್ತೆ ಕಾರ್ಯಾಗಾರದ ಕಡೆ ಓಡಿದ. ಬಾಗಿಲಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

“ಬನ್ನಿ ವಾರ್ತೆ, ಆ ತುದಿ ಸ್ವಲ್ಪ ಹಿಡ್ಕೊಳ್ಳಿ.”

“ಏನ್ ಸರ್ ಇದು?”

“ನಮ್ಮ ಹೊಸ ಕಂಪ್ಯೂಟರ್ ಲ್ಯಾಬು. ಮೇಷ್ಟ್ರು ಹೋಗ್ತಾರಲ್ಲ, ಜಾಗ ಯಾಕೆ ಖಾಲಿ ಇರಬೇಕು? ಪ್ರಿನ್ಸಿಪಾಲರು ಬೆಳಿಗ್ಗೆನೇ ಹೂಂ ಅಂದ್ರು. ನಾಳೆ ಈ ಕುಲುಮೆ ಒಡೆಸ್ತಾ ಇದೀನಿ.”

“ಟೇಪು ಜೋತುಬಿದ್ದಿದೆ ಸರ್, ಬಿಗಿಯಾಗಿ ಎಳೀಬೇಕು” ಎಂದು ವಾರ್ತೆ ಸರ್ವೇಯವನ ಅಭ್ಯಾಸಬಲದಿಂದ ಟೇಪನ್ನು ಎಳೆದು ಹಿಡಿದ. ಮುಖ್ಯಸ್ಥರು ಅಳತೆ ಬರೆದುಕೊಂಡು ಥ್ಯಾಂಕ್ಸ್ ಹೇಳಿದ ಮೇಲೆ, ತಾನು ಯಾರ ಮನೆ ಕೆಡವಲು ಕೈಜೋಡಿಸಿದೆ ಎಂಬುದು ಅವನಿಗೆ ಹೊಳೆಯಿತು. ಮೇಷ್ಟ್ರ ಹತ್ತಿರ ಹೋಗುವುದನ್ನು ಬಿಟ್ಟು ಪ್ರಿನ್ಸಿಪಾಲರ ಕೋಣೆಗೆ ಓಡಿದ.

ಪ್ರಿನ್ಸಿಪಾಲರು ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿದರು.

“ವಾರ್ತೆ ಮೇಲೆ ಸಹಿ ಯಾರದು?”

“ನಿಮ್ಮದು ಸರ್.”

“ಅಂದ್ರೆ ನಾನು ಓದದೆ ಸಹಿ ಹಾಕಿದೆ ಅಂತೀರಾ?”

“ಛೇ ಛೇ, ಇಲ್ಲ ಸರ್.”

“ಹಾಗಾದ್ರೆ ಓದಿ, ತಪ್ಪು ಅಂತ ಗೊತ್ತಿದ್ದೂ ಸಹಿ ಹಾಕಿದೆ ಅಂತೀರಾ?”

ವಾರ್ತೆಗೆ ಮೂರನೆಯ ದಾರಿ ಕಾಣಲಿಲ್ಲ. ಪ್ರಿನ್ಸಿಪಾಲರು ದನಿ ತಗ್ಗಿಸಿದರು. “ನೋಡಿ, ಇದು ಇಲಾಖೆಯ ನಿರ್ದೇಶಕರಿಗೂ ಹೋಗಿದೆ. ಅವರಿಂದ ಶುಭಾಶಯನೂ ಬಂದಿದೆ. ಈಗ ‘ತಪ್ಪಾಯ್ತು ಸ್ವಾಮಿ, ನಮ್ಮ ಮನುಷ್ಯ ಇಲ್ಲೇ ಇದಾನೆ’ ಅನ್ನೋಕೆ ಬಾಯಿ ಬರುತ್ತಾ? ಮೇಷ್ಟ್ರಿಗೆ ಇನ್ನೆಷ್ಟು ಸರ್ವಿಸ್ ಇದೆ?”

“ಎರಡು ವರ್ಷ.”

“ಎರಡು ವರ್ಷ ಏನು ಮಹಾ! ಅವರ ಹತ್ರ ನಿಮ್ಮ ಮಾತು ನಡೆಯುತ್ತೆ. ಒಪ್ಪಿಸಿಬಿಡಿ.”

“ಏನಂತ ಸರ್?”

“ನಿವೃತ್ತಿ ಆಗಿ ಅಂತ. ವಾರ್ತೆ ನಿಜ ಆಗಲಿ.”

ವಾರ್ತೆ ಮತ್ತೆ ಕಾರ್ಯಾಗಾರಕ್ಕೆ ನಡೆದ. ಈ ಸಲ ಓಡಲಿಲ್ಲ.

ಮೇಷ್ಟ್ರು ಆಗತಾನೇ ಲೋಹ ಸುರಿಯುತ್ತಿದ್ದರು. ಸುರಿಯುವಾಗ ಯಾರೂ ಮಾತಾಡಬಾರದು ಎಂಬುದು ಅಲ್ಲಿನ ನಿಯಮ. ವಾರ್ತೆ ಗೋಡೆಗೆ ಒರಗಿ ನಿಂತು, ಹೇಳಬೇಕಾದ ಮಾತನ್ನು ಬಾಯಲ್ಲಿ ಬಿಸಿ ಆಲೂಗಡ್ಡೆಯಂತೆ ಹೊರಳಿಸುತ್ತಿದ್ದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ ಎಳೆದಿತ್ತು.

ಲೋಹ ಆರಿದ ಮೇಲೆ ಮೇಷ್ಟ್ರು ಅಚ್ಚು ಒಡೆದರು. ಮರಳು ಉದುರಿ ಒಂದು ಹಲ್ಲಿನ ಚಕ್ರ ಹೊರಬಂತು. ಅದನ್ನು ಇಕ್ಕಳದಲ್ಲಿ ಎತ್ತಿ, ಕೂಸನ್ನು ತೋರಿಸುವ ಸೂಲಗಿತ್ತಿಯಂತೆ ಬೆಳಕಿಗೆ ಹಿಡಿದರು.

“ನೋಡೋ! ಎಲ್ಲಾದ್ರೂ ಒಂದು ಬಿರುಕು ತೋರಿಸು ನೋಡೋಣ. ಎಷ್ಟು ಸಲ ಬಳಸಿದ ಮರಳು ಗೊತ್ತಾ ಇದು? ನಂಗೇ ಲೆಕ್ಕ ಇಲ್ಲ.” ಆಮೇಲೆ ಸೀಮೆಸುಣ್ಣದ ಚೌಕದ ಸುತ್ತ ಒಂದು ಸುತ್ತು ಬಂದರು. “ಹೊಸ ಕುಲುಮೆ ಇಲ್ಲಿ ಬರುತ್ತೆ. ಬೆಳಕು ಎಡಗಡೆಯಿಂದ. ಎಲ್ಲಾ ನಿನ್ನಿಂದ ಆಗಿದ್ದು ಕಣಯ್ಯ. ಯಾಕೆ, ಮುಖ ಸಪ್ಪಗಿದೆ? ಮಗು ಹುಷಾರಾಗಿದಾಳಾ?”

ಆ ಪ್ರಶ್ನೆ ಕೇಳಿದ್ದೇ ತಡ, ವಾರ್ತೆ ಜಿರಾಫೆಯಿಂದ ಹಿಡಿದು ಟೇಪಿನ ತನಕ, ಪ್ರಿನ್ಸಿಪಾಲರು ಹೇಳಿ ಕಳಿಸಿದ್ದನ್ನೂ ಬಿಡದೆ, ಎಲ್ಲ ಹೇಳಿಬಿಟ್ಟ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ.

ಮೇಷ್ಟ್ರು ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಫೋಟೋ ಚೆನ್ನಾಗಿ ಬಂದಿದೆಯಾ?”

“ಬಂದಿದೆ ಮೇಷ್ಟ್ರೇ.”

“ಆ ಜಿರಾಫೆ ಹೇಗೆ ಮಲಗುತ್ತಂತೆ ಕೊನೆಗೆ?”

“ಕುತ್ತಿಗೆ ಹಿಂದಕ್ಕೆ ಬಾಗಿಸಿ, ತನ್ನ ಬೆನ್ನ ಮೇಲೇ ತಲೆ ಇಟ್ಕೊಂಡು.”

“ಪಾಪ” ಎಂದರು ಮೇಷ್ಟ್ರು. ಕೈಯ ಮಸಿ ಒರೆಸಿಕೊಂಡರು. “ನಾಲ್ಕಕ್ಕೆ ಅಲ್ವಾ? ಬರ್ತೀನಿ.”

“ಮೇಷ್ಟ್ರೇ! ನೀವು ಒಪ್ಕೋಬಾರದು!”

“ಯಾರೋ ಒಪ್ಕೊಂಡಿದ್ದು? ಇಷ್ಟು ವರ್ಷದಲ್ಲಿ ಈ ಕಾಲೇಜಿನವರು ನನ್ನ ಬಗ್ಗೆ ಆಡಿದ್ದು ಒಂದೇ ಮಾತು, ‘ಹೊಗೆ ಜಾಸ್ತಿ’ ಅಂತ. ಇವತ್ತು ಏನೋ ಒಳ್ಳೇದು ಹೇಳ್ತಾರಂತೆ. ಕೇಳಿ ಬರೋಣ ನಡಿ. ಆಮೇಲಿನದು ಆಮೇಲೆ.”

ಸಭಾಂಗಣ ತುಂಬಿತ್ತು. ಹೂಗುಚ್ಛ, ಬಿಸ್ಕತ್ತು, ಮೇಷ್ಟ್ರ ಹೆಸರು ಕೆತ್ತಿಸಿದ ಗೋಡೆ ಗಡಿಯಾರ, ಎಲ್ಲ ಸಿದ್ಧ. ಮೇಷ್ಟ್ರು ತಲೆ ಬಾಚಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ವಾರ್ತೆ ಹಿಂದಿನ ಸಾಲಿನಲ್ಲಿ ಆದಷ್ಟು ಕಿರಿದಾಗಿ ಕೂತ.

ಡ್ರಾಯಿಂಗ್ ಮೇಡಂ ಬರೆದದ್ದನ್ನು ಓದಲೇ ಇಲ್ಲ. “ನನ್ನ ಮಗನ ಗಾಲಿಕುರ್ಚಿಯ ಒಂದು ಬಿಡಿಭಾಗ ಎಲ್ಲೂ ಸಿಕ್ಕಿರಲಿಲ್ಲ. ಮೇಷ್ಟ್ರು ಊಟ ಬಿಟ್ಟು ಕೂತು ಎರಕ ಹೊಯ್ದು ಕೊಟ್ರು. ನಾನು ಥ್ಯಾಂಕ್ಸ್ ಹೇಳೋದು ಬಿಟ್ಟು, ಹೊಗೆ ನಮ್ಮ ಕ್ಲಾಸಿಗೆ ಬರುತ್ತೆ ಅಂತ ಜಗಳ ಆಡಿದ್ದೆ” ಎಂದು ಹೇಳಿ, ಕರವಸ್ತ್ರದ ಉಳಿದರ್ಧವನ್ನೂ ಒದ್ದೆ ಮಾಡಿದರು. ಟೇಪು ಹಿಡಿದಿದ್ದ ಮುಖ್ಯಸ್ಥರು ಎದ್ದು, ತಂದೆ ತೀರಿಕೊಂಡಾಗ ತಮ್ಮ ತರಗತಿಗಳನ್ನು ಯಾರೋ ಸದ್ದಿಲ್ಲದೆ ನೋಡಿಕೊಂಡಿದ್ದರೆಂದೂ, ಅದು ಮೇಷ್ಟ್ರೇ ಎಂದು ಗೊತ್ತಾದದ್ದು ಈಚೆಗೆಂದೂ ಹೇಳುವಾಗ ಅವರ ದನಿ ಒಡೆಯಿತು. ಅವರ ಜೇಬಿನಿಂದ ಟೇಪು ಕೆಳಗೆ ಬಿದ್ದು ಉರುಳಿತು, ಎತ್ತಿಕೊಳ್ಳಲಿಲ್ಲ.

ಮೇಷ್ಟ್ರು ಮಾತ್ರ ಸುಮ್ಮನೆ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಕಣ್ಣಿಗೆ ಹೊಗೆ ಹೋದವರ ಹಾಗೆ ಆಗಾಗ ರೆಪ್ಪೆ ಬಡಿಯುತ್ತಿದ್ದರು. ಅಲ್ಲಿ ಹೊಗೆ ಇರಲಿಲ್ಲ.

ಕೊನೆಗೆ ಪ್ರಿನ್ಸಿಪಾಲರು. ಮೈಕು ಸಿಕ್ಕರೆ ಅವರು ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಸೈಕಲ್ಲು. ಹೋಗುವವರಿಗೆ ಏನು ಬೇಕಾದರೂ ಕೊಡಬಹುದೆಂಬ ಧೈರ್ಯವೂ ಸೇರಿ ವೇಗ ಏರಿತು. “ಇಂಥವರು ಇನ್ನೆರಡು ವರ್ಷ ಇದ್ದಿದ್ದರೆ! ಹೊಸ ಕುಲುಮೆ ಒಂದೇ ಅಲ್ಲ, ಒಬ್ಬ ಸಹಾಯಕನನ್ನೂ ಕೊಡ್ತಿದ್ದೆ. ಆ ಕಾರ್ಯಾಗಾರದ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟದ ಹಾಗೆ ನೋಡ್ಕೊಳ್ತಿದ್ದೆ. ಕೈಮುಗಿದು ‘ಇರಿ’ ಅಂತ ಬೇಡ್ತಿದ್ದೆ. ಆದರೆ ಏನು ಮಾಡೋದು...”

ಮೇಷ್ಟ್ರು ಎದ್ದು ನಿಂತರು.

“ಪ್ರಿನ್ಸಿಪಾಲರು ಇಷ್ಟು ಕೇಳ್ಕೊಳ್ಳುವಾಗ ಇಲ್ಲ ಅಂದ್ರೆ ಚೆನ್ನಾಗಿರಲ್ಲ. ಆಯ್ತು, ಇರ್ತೀನಿ.”

ಒಂದು ಗಳಿಗೆ ಬಿಸ್ಕತ್ತು ಕಡಿಯುವ ಸದ್ದೂ ನಿಂತಿತು. ಆಮೇಲೆ ಛಾವಣಿ ಹಾರಿಹೋಗುವಂಥ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಎಲೆಕ್ಟ್ರಾನಿಕ್ಸ್ ಮುಖ್ಯಸ್ಥರು. ತಮ್ಮ ಲ್ಯಾಬು ನೆನಪಾಗುವ ಹೊತ್ತಿಗೆ ತಟ್ಟಿ ಆಗಿತ್ತು. ಪ್ರಿನ್ಸಿಪಾಲರ ಮುಖ ಮೊದಲು ಬಿಳಿಚಿತು, ಚಪ್ಪಾಳೆ ತಮಗೇ ಎಂದು ಅರಿವಾಗಿ ನಿಧಾನವಾಗಿ ಅರಳಿತು. ‘ನನ್ನ ಒಂದು ಮಾತಿಗೆ ಮನಸ್ಸು ಬದಲಿಸಿದರು’ ಎಂದು ನಿರ್ದೇಶಕರಿಗೆ ಹೇಳಿದರೆ ಸಾಕಲ್ಲ!

“ಸಹಾಯಕನೋ?” ಎಂದು ಮೇಷ್ಟ್ರು ನೆನಪಿಸಿದರು.

“ಅದಕ್ಕೇನು, ವಾರ್ತೆ ಇದಾರಲ್ಲ!” ಎಂದರು ಪ್ರಿನ್ಸಿಪಾಲರು. ವಾರ್ತೆಯ ತಲೆಗೆ ಮೂರನೆಯ ಟೋಪಿ ಬಂತು.

ಸಭೆ ಮುಗಿದ ಮೇಲೆ ಅವನು ತನ್ನ ಕೋಣೆಗೆ ಬಂದು ಕೂತ. ಇಷ್ಟು ದೊಡ್ಡ ತಪ್ಪಿಗೆ ಶಿಕ್ಷೆಯಾಗಿ ವಾರ್ತೆಯ ಕೆಲಸವನ್ನಾದರೂ ಕಿತ್ತುಕೊಳ್ಳುತ್ತಾರೆ, ಸಂಜೆ ಮಗಳ ಜೊತೆ ನೆಲದ ಮೇಲೆ ನಿಶ್ಚಿಂತೆಯಿಂದ ಮಲಗಬಹುದು ಎಂಬ ಆಸೆ ಇತ್ತು. ಬಾಗಿಲು ತಟ್ಟಿದ್ದು ಡ್ರಾಯಿಂಗ್ ಮೇಡಂ.

“ಮುಂದಿನ ತಿಂಗಳ ವಾರ್ತೆಯಲ್ಲಿ... ನನ್ನ ಹೆಸರಿನ ಕೆಳಗೂ ಒಂದು ಸಣ್ಣ ತಪ್ಪು ಆಗಬಹುದಾ ಅಂತ. ಒಂದು ಸಂಜೆಯ ಮಟ್ಟಿಗೆ.”

ಗುಟ್ಟನ್ನು ಸಭೆ ಮುಗಿಯುವವರೆಗೆ ಇಟ್ಟುಕೊಂಡದ್ದೇ ಮೇಡಂ ಮಟ್ಟಿಗೆ ತಪಸ್ಸು. ಅದು ಆಗಲೇ ಬಿಸ್ಕತ್ತಿನ ತಟ್ಟೆಗಿಂತ ಬೇಗ ಸುತ್ತು ಹಾಕಿತ್ತು. ಮೇಡಂ ಹಿಂದೆ ಎಲೆಕ್ಟ್ರಾನಿಕ್ಸ್ ಮುಖ್ಯಸ್ಥರು ಬಂದರು. ಅವರ ಹಿಂದೆ ಗ್ರಂಥಪಾಲಕರು ಬಂದು, ಏನೂ ಹೇಳಲಾಗದೆ ಕೆಮ್ಮಿ, ಹೆಸರು ಬರೆಸಿ ಹೋದರು.

ಕೊನೆಗೆ ಬಂದವರು ಪ್ರಿನ್ಸಿಪಾಲರು. ಬಾಗಿಲು ಹಾಕಿ, ಒಂದು ಕೈಯಿಲ್ಲದ ಕುರ್ಚಿಗೆ ಒರಗಿ ನಿಂತರು.

“ಸರದಿಯಲ್ಲಿ ನಾನು ಎಷ್ಟನೆಯವನು?”

“ನಾಲ್ಕನೆಯವರು ಸರ್.”

“ನಾಲ್ಕು ತಿಂಗಳಾ!” ಅವರು ಕಿಟಕಿಯ ಕಡೆ ತಿರುಗಿದರು. “ಮೂರು ತಿಂಗಳಿಗೆ ನಂಗೆ ನಿಜವಾದ ನಿವೃತ್ತಿನೇ ಬರುತ್ತೆ ಕಣ್ರೀ. ಆಗ ಎಲ್ಲರೂ ‘ಇರಿ’ ಅಂದ್ರೂ ಇರೋ ಹಾಗಿಲ್ಲ.”

ವಾರ್ತೆ ಅವರ ಬೆನ್ನನ್ನು ನೋಡಿದ. ಬೆಳಿಗ್ಗೆ ಇದ್ದದ್ದಕ್ಕಿಂತ ಅದು ಸಣ್ಣದಾಗಿ ಕಂಡಿತು.

“ಮೊದಲನೆಯವರಾಗಿ ಹಾಕ್ತೀನಿ ಸರ್.”

“ಯಾರಾದ್ರೂ ಅಂತಾರೆ ಅಂತೀರಾ? ‘ಇರಿ’ ಅಂತ?”

“ನಾನು ಅಂತೀನಿ ಸರ್.”

“ಹಾಗಾದ್ರೆ ನಿಮ್ಮ ಭಾಷಣವೇ ಮೊದಲು” ಎಂದು ಪ್ರಿನ್ಸಿಪಾಲರು ಅವನ ಕೈ ಕುಲುಕಿದರು. “ಸ್ವಲ್ಪ ಉದ್ದ ಇರಲಿ.”

ಅವರು ಬಾಗಿಲು ತೆರೆದು ಹೊರಟರು. ಹೊರಗೆ ಡ್ರಾಯಿಂಗ್ ಮೇಡಂ ಎರಡು ಫೋಟೋ ಹಿಡಿದುಕೊಂಡು, ಮೊದಲನೆಯ ಸರದಿ ತಮ್ಮದೇ ಎಂಬ ನಗೆಯಲ್ಲಿ ನಿಂತಿದ್ದರು.

“ಯಾವುದು ಹಾಕೋಣ ಹೇಳಿ ವಾರ್ತೆ, ಇದಾ, ಅದಾ?”