ಇಲಿಗಳಿಗಾಗಿ ಕಾರು ಕೊಂಡ ಮಾವ

ಯಾದಗಿರಿ ಜಿಲ್ಲೆಯಲ್ಲಿ ಕಾರು ಇಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಲಿಗಳ ಸಲುವಾಗಿ ಕಾರು ಇಟ್ಟವರು ಒಬ್ಬರೇ. ಅವರು ನಮ್ಮ ಸೋದರಮಾವ! ನಗಬೇಡಿ. ಆ ಕಾರಿನಲ್ಲಿ ಮನುಷ್ಯರು ಕೂತದ್ದು ಹೆಚ್ಚೆಂದರೆ ಎಂಟು-ಹತ್ತು ಸಲ ಇದ್ದೀತು. ಇಲಿಗಳು ಮಾತ್ರ ಒಂದು ದಿನವೂ ಇಳಿದವಲ್ಲ.

ಮಾವ ಶಹಾಪುರದವರು. ಕಾಲುವೆಯ ಗೇಟು ಏರಿಸುವ, ಇಳಿಸುವ ನೌಕರಿ ಮಾಡಿ ನಿವೃತ್ತರಾದವರು. ಜೀವನವಿಡೀ ಸೈಕಲ್ ತುಳಿದ ಮನುಷ್ಯ ಒಂದು ದಿನ ಯಾರಿಗೂ ಹೇಳದೆ ಕೇಳದೆ ಹಳೇದೊಂದು ಬಿಳಿ ಕಾರು ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದಾಗ ನಮ್ಮವ್ವ ಗಲ್ಲಕ್ಕೆ ಕೈ ಹಚ್ಚಿ ಕೂತುಬಿಟ್ಟಳು. ಅವ್ವ ಮಾವನಿಗೆ ಅಕ್ಕ. ಬೈಯುವ ಹಕ್ಕು ಇದ್ದವಳು.

"ತಲಿ ನೆಟ್ಟಗದನೋ ನಿಂದು? ಈ ವಯಸ್ಸಿನ್ಯಾಗ ಕಾರ್ ಯಾತಕ್ಕ?"

"ಒಬ್ನ ಮನ್ಯಾಗ ಕುಂತ್ರ ಗ್ವಾಡಿ ಜೋಡಿ ಮಾತಾಡಬೇಕಾಗ್ತದಕ್ಕಾ. ಕಾರಿದ್ರ ನಿಮ್ಮೆಲ್ಲಾರ ಮನಿಗೂ ಬಂದು ಹೋಗ್ತೀನಿ."

ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಅವ್ವ ಎದ್ದು ಒಳಗಿನಿಂದ ಕುಂಕುಮ ತಂದು ಕಾರಿಗೆ ಹಚ್ಚಿದಳು.

ಕಾರೇನೋ ಸರಿ, ಅದನ್ನು ನಿಲ್ಲಿಸಿದ ಜಾಗ ಸರಿ ಇರಲಿಲ್ಲ ನೋಡಿ! ಮನೆಯ ಮಗ್ಗುಲಿಗೊಂದು ತಗಡಿನ ಶೆಡ್ಡು. ಆ ಶೆಡ್ಡಿಗೆ ಅಂಟಿಕೊಂಡೇ ವ್ಯಾಪಾರಿಯೊಬ್ಬರ ಗೋದಾಮು, ಅದರ ತುಂಬ ಶೇಂಗಾ, ಭತ್ತ. ಊಟ ಅಲ್ಲಿ, ಎಲೆ-ಅಡಿಕೆ ಇಲ್ಲಿ ಎಂದು ಇಲಿಗಳು ಮೊದಲ ವಾರದಲ್ಲೇ ತೀರ್ಮಾನ ಮಾಡಿಕೊಂಡವು.

ನಮಗೆ ಇದು ಗೊತ್ತಾದದ್ದು ಮಾವ ನನ್ನನ್ನು ಸುರಪುರಕ್ಕೆ ಬಿಡಲು ಹೊರಟ ದಿನ. ನಾನು ಅಲ್ಲೇ ಒಂದು ಶಾಲೆಯಲ್ಲಿ ಮಾಸ್ತರಿಣಿ. ಊರು ದಾಟುವಷ್ಟರಲ್ಲಿ ಮಾವ ಬಲಕ್ಕೆ ತಿರುಗುವ ದೀಪ ಹಾಕಲು ಸ್ಟೇರಿಂಗಿನ ಮಗ್ಗುಲಿನ ಕಡ್ಡಿ ಒತ್ತಿದರು. ಗಾಜಿನ ಮೇಲೆ ವೈಪರ್ ಎದ್ದು ಕುಣಿಯತೊಡಗಿತು! ಸುಡುಸುಡು ಬಿಸಿಲು, ಹನಿ ನೀರಿಲ್ಲ! ಗಾಬರಿಯಾಗಿ ಬ್ರೇಕ್ ಒತ್ತಿದರು. ಹಾರ್ನು ಒದರಿತು! ಕಾಲು ತೆಗೆದರೆ ಕಾರು ಓಡುತ್ತದೆ, ಕಾಲು ಇಟ್ಟರೆ ಹಾರ್ನು ಒದರುತ್ತದೆ. ಮುಂದೆ ಎತ್ತಿನ ಬಂಡಿ. ಬಂಡಿಯವನು ಹಗ್ಗ ಜಗ್ಗಿ ನಿಲ್ಲಿಸಿ ಇಳಿದೇ ಬಂದ.

"ಏನ್ರೀ ಯಜಮಾನ್ರ, ನಿಂತ ಮ್ಯಾಲೂ ಹಾರ್ನ್ ಹೊಡೀತೀರಿ? ಎತ್ತಿನ ಮ್ಯಾಲಿಂದ ಹಾರಿಸ್ಕೊಂಡು ಹೋಗವ್ರಿದ್ದೀರೇನು?"

"ನಾ ಹೊಡಿಯಾಕತ್ತಿಲ್ಲೋ ಮಾರಾಯಾ, ಅದ ಒದರಾಕತ್ತದ!"

ಕಾರು ಮಿಸ್ತ್ರಿಯ ಕಡೆ ಹೋಯಿತು. ಅವನು ಬಾನೆಟ್ ಎತ್ತಿ, ಒಳಗೆ ಬಗ್ಗಿ, ಒಂದೊಂದೇ ವೈರು ಜಗ್ಗಿ ನೋಡಿ, ಆಮೇಲೆ ತಲೆ ಹೊರಗೆ ತೆಗೆದ.

"ಕಾಕಾ, ವೈರಿನ ಮ್ಯಾಲಿನ ತೊಗಲೆಲ್ಲಾ ಇಲಿ ತಿಂದಾವ್ರಿ. ಬರೇ ತಾಮ್ರ ಉಳಿಸ್ಯಾವ."

ಮಾವನಿಗೆ ನಂಬಿಕೆಯೇ ಬರಲಿಲ್ಲ. "ಇಲಿ ಅಂದ್ರ... ಇಲಿ? ಇಷ್ಟು ವರ್ಷ ಕಾಲುವಿ ಮ್ಯಾಲ ಹಾವು, ಚೇಳು, ಇಂಜಿನಿಯರು, ಎಲ್ಲಾ ನೋಡೀನಿ. ಇಲಿ ನನಗ್ಯಾವ ಲೆಕ್ಕ?"

ಅದೇ ಮಾತನ್ನು ಬಾನೆಟ್ಟಿನೊಳಗೆ ಇಲಿಗಳೂ ಮಾವನ ಬಗ್ಗೆ ಅಂದಿರಬೇಕು!

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಬಟ್ಟೆಯ ನಡುವೆ ಇಡುವ ಡಾಂಬರ ಗುಳಿಗೆಗಳನ್ನು ಹಳೆಯ ಕಾಲುಚೀಲದಲ್ಲಿ ತುಂಬಿ ಎಂಜಿನ್ನಿನ ಸುತ್ತ ತೋರಣದ ಹಾಗೆ ಕಟ್ಟಿದರು. ವಾರದಲ್ಲಿ ಗುಳಿಗೆ ಹಾಗೇ ಇದ್ದವು, ಕಾಲುಚೀಲ ಮಾಯ! ಆಮೇಲೆ ಯಾರೋ ಹೇಳಿದರೆಂದು ತಂಬಾಕಿನ ಎಲೆ ತಂದು ಸಂದು ಸಂದಿಗೆ ತುರುಕಿದರು. ಇಲಿಗಳು ಎರಡು ದಿನ ದೂರ ಇದ್ದದ್ದು ಹೌದು. ಮೂರನೆಯ ದಿನ ಎಲೆಯೂ ಇಲ್ಲ, ಇನ್ನಷ್ಟು ವೈರೂ ಇಲ್ಲ. ನಮ್ಮ ಕಡೆ ಮನುಷ್ಯರಿಗೆ ಹತ್ತಿದ ಚಟ ಇಲಿಗಳಿಗೆ ಹತ್ತಲಿಕ್ಕೆ ಎಷ್ಟು ಹೊತ್ತು?

ಗೋದಾಮಿನ ವ್ಯಾಪಾರಿ ಕರುಣೆ ತೋರಿ ಒಂದು ಬೆಕ್ಕು ಕೊಟ್ಟರು. ಅದು ದಿನವಿಡೀ ಬಾನೆಟ್ಟಿನ ಮೇಲೆ ಮಲಗಿ, ಹೊತ್ತಿಗೆ ಸರಿಯಾಗಿ ಎದ್ದು ಮಾವನ ಹಾಲು ಕುಡಿದು, ಮತ್ತೆ ಮಲಗುತ್ತಿತ್ತು. ಮಾಳಿಗೆ ಬೆಕ್ಕಿಗೆ, ಕೆಳಗಿನ ಮನೆ ಇಲಿಗೆ! ಒಬ್ಬರ ತಂಟೆಗೆ ಒಬ್ಬರು ಹೋಗದಂಥ ಮರ್ಯಾದಸ್ಥ ಬಾಡಿಗೆದಾರರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಯಾದಗಿರಿಯಲ್ಲಿ ಅವ್ವನ ಗೆಳತಿಯ ಮಗಳ ಮದುವೆ ಬಂತು. ಹೊಸ ವೈರು ಹಾಕಿಸಿದ ಕಾರಿನಲ್ಲಿ ಮಾವ, ಅವ್ವ, ನಾನು ಹೊರಟೆವು. ಅವ್ವ ರೇಷ್ಮೆ ಸೀರೆ ಉಟ್ಟಿದ್ದಳು. ದೋರನಹಳ್ಳಿ ದಾಟುವ ಹೊತ್ತಿಗೆ, "ಜೀವ ಹೊಂಟದೋ, ಸ್ವಲ್ಪ ಗಾಳಿ ಹಾಕು," ಅಂದಳು. ಮಾವ ಗುಂಡಿ ತಿರುವಿದರು.

ಗಾಳಿ ಬಂತು. ಕೆಂಪಗೆ ಬಂತು!

ಇಲಿಗಳು ಬರಬಾರದೆಂದು ಮಾವ ಅದರ ಹಿಂದಿನ ದಿನ ಗಾಳಿಯ ಬಾಯಿಯೊಳಗೆ ಎರಡು ಹಿಡಿ ಖಾರಪುಡಿ ಸುರಿದಿದ್ದರು. ಸುರಿದು ಮರೆತಿದ್ದರು. ನಾವು ಮೂವರೂ ಮೂರು ಬಾಗಿಲಿನಿಂದ ರಸ್ತೆಗೆ ಬಿದ್ದೆವು. ಕಣ್ಣು, ಮೂಗು, ಬಾಯಿ ಯಾವುದು ಯಾವುದೆಂದು ತಿಳಿಯದ ಸ್ಥಿತಿ. ಅರ್ಧ ತಾಸು ಸೀನಿ, ಕೆಮ್ಮಿ, ಅತ್ತು, ಹೇಗೋ ಮದುವೆ ಮಂಟಪ ಮುಟ್ಟಿದೆವು. ಬಾಗಿಲಲ್ಲೇ ಅವ್ವನ ಗೆಳತಿ ನಮ್ಮ ಮುಖ ನೋಡಿ ಎದೆ ಹಿಡಿದುಕೊಂಡರು.

"ಅಯ್ಯ ನಮ್ಮವ್ವಾ! ಯಾರು ಹೋದ್ರವಾ? ಯಾವಾಗ?"

ಅವ್ವನ ಗಂಟಲಿನಿಂದ ಮಾತು ಹೊರಡಲಿಲ್ಲ. ಇದಕ್ಕೆಲ್ಲ ಕಾರಣ ಇವನೇ ಎಂದು ಹೇಳಲು ಮಾವನ ಕಡೆ ಬೆರಳು ತೋರಿಸಿದಳು. ಮುಗಿಯಿತು! ಮಂಟಪದ ಮಂದಿಯೆಲ್ಲ ಮಾವನ ಸುತ್ತ ನೆರೆದು, ಬೆನ್ನು ಸವರಿ, "ಗಟ್ಟಿ ಆಗ್ರಿ, ಎಲ್ಲಾ ದೇವರ ಇಚ್ಛಾ," ಎಂದು ಸಮಾಧಾನ ಹೇಳತೊಡಗಿದರು. ಮಾವ ಕಣ್ಣೀರು ಒರೆಸುತ್ತ, "ಎಷ್ಟ್ ಮಾಡಿದ್ರೂ ಹೋಗವಲ್ವು ನೋಡ್ರಿ, ಹೋಗವಲ್ವು," ಅನ್ನುತ್ತಿದ್ದರು. ಜನ ಇನ್ನೂ ಗಾಬರಿಯಾದರು.

ಅವ್ವ ಮರಳಿ ಬಸ್ಸಿನಲ್ಲಿ ಬಂದಳು. ಅಂದಿನಿಂದ ಆ ಕಾರಿನ ನೆರಳನ್ನೂ ತುಳಿದಿಲ್ಲ.

ಅವಮಾನವಾದ ಮೇಲೆ ಮನುಷ್ಯ ಸುಮ್ಮನಾಗುತ್ತಾನೆ ಅನ್ನುತ್ತಾರೆ. ಮಾವ ಹತ್ತಿರದ ಗೋಗಿ ಊರಿಗೆ ಹೋದರು. ಅಲ್ಲಿ ಯಾರೋ ಹಿರಿಯರು, ಹಾವಿನ ವಾಸನೆ ಇದ್ದಲ್ಲಿ ಇಲಿ ಸುಳಿಯುವುದಿಲ್ಲ ಎಂದಿದ್ದರಂತೆ. ಹೊಲದ ಬದುವಿನಿಂದ ಒಂದು ಮಾರುದ್ದದ ಹಾವಿನ ಪೊರೆ ಆಯ್ದುಕೊಂಡು ಬಂದು, ಎಂಜಿನ್ನಿನ ಮೇಲೆ ಸುತ್ತಿ ಇಟ್ಟರು. ಒಳ್ಳೆಯದು. ಆದರೆ ಈ ಸಂಗತಿಯನ್ನು ಮಿಸ್ತ್ರಿಗೆ ಹೇಳಬೇಕೋ ಬೇಡವೋ? ಪಾಪ, ಅವನು ಎಣ್ಣೆ ನೋಡಲೆಂದು ಬಾನೆಟ್ ಎತ್ತಿದ. ಎತ್ತಿದವನು ಕಿಟಾರನೆ ಕಿರುಚಿ, ಹಿಂದಕ್ಕೆ ಜಿಗಿದು, ಗಟಾರದೊಳಗೆ ಸೊಂಟದವರೆಗೆ ಇಳಿದ. ನಾನು ಓಡಿ ಹೋಗಿ ಕೈ ಕೊಟ್ಟರೆ ಅವನಿಗೆ ಹೊರಗೆ ಬರಲಿಕ್ಕೂ ಮನಸ್ಸಿಲ್ಲ!

"ಅಕ್ಕಾವ್ರ, ಕಾರಿನ್ಯಾಗ ಆ ಹಾವು ಇರೂತನಕ ನಾ ಇಲ್ಲೇ ಇರ್ತೀನ್ರಿ!"

"ಅದು ಬರೇ ಪೊರಿ ಅದನೋ," ಅಂದರು ಮಾವ ಶಾಂತವಾಗಿ. "ಹಾವು ಎಲ್ಲದನೋ ಏನೋ, ನನಗೂ ಗೊತ್ತಿಲ್ಲ."

ಆ ಎರಡನೆಯ ಮಾತು ಬೇಕಾಗಿರಲಿಲ್ಲ. ಮಿಸ್ತ್ರಿ ಮತ್ತೆ ಮೂರು ತಿಂಗಳು ಆ ಓಣಿಗೆ ಬರಲಿಲ್ಲ. ಅಷ್ಟರಲ್ಲಿ ಇಲಿಗಳು ಪೊರೆಯನ್ನೂ ಚೂರುಚೂರು ಮಾಡಿ ಒಯ್ದಿದ್ದವು.

ಕೊನೆಗೆ ಮಾವ ತಮ್ಮ ನೌಕರಿಯ ವಿದ್ಯೆಯನ್ನೇ ಹೊರತೆಗೆದರು: ನೀರು! ಬೆಲ್ಲದ ಗಡಿಗೆಗೆ ಇರುವೆ ಹತ್ತದಂತೆ ನೀರಿನ ತಾಟಿನಲ್ಲಿ ಇಡುವುದಿಲ್ಲವೇ? ಹಾಗೆಯೇ! ಗೌಂಡಿಯನ್ನು ಕರೆಸಿ ಶೆಡ್ಡಿನಲ್ಲಿ ನಾಲ್ಕು ತಗ್ಗು ತೋಡಿಸಿ, ಸಿಮೆಂಟು ಬಳಿಸಿ, ನಾಲ್ಕು ಗಾಲಿಗಳನ್ನು ಅವುಗಳಲ್ಲಿಳಿಸಿ, ಕೊಡಗಟ್ಟಲೆ ನೀರು ಸುರಿದರು. ನಾನು ಹೋಗಿ ನೋಡಿದಾಗ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕಾರು ಕಾಲು ನೆನೆಸಿಕೊಂಡು ಕೂತಿತ್ತು, ಹೊಲದಿಂದ ದಣಿದು ಬಂದ ಮುದುಕಿಯ ಹಾಗೆ!

"ಮಾವಾ, ಇದು ಹೊರಗ ಹ್ಯಾಂಗ ಬರ್ತದ್ರೀ?"

ಮಾವ ಗದ್ದ ಕೆರೆದುಕೊಂಡರು. ಅದರ ವಿಚಾರ ಮಾಡಿರಲಿಲ್ಲ. ಓಣಿಯ ಆರು ಮಂದಿ ಹಿಂದಿನಿಂದ ನೂಕಿ ಅದನ್ನು ತಗ್ಗಿನಿಂದ ಮೇಲಕ್ಕೆ ತೆಗೆದರು. ಎಲ್ಲರ ಧೋತರ, ಪ್ಯಾಂಟು ರಾಡಿ ರಾಡಿ. ಅಷ್ಟರಲ್ಲಿ ನಮ್ಮ ಕಣ್ಣೆದುರಿಗೇ ಶೆಡ್ಡಿನ ತೊಲೆಯ ಮೇಲಿಂದ ಒಂದು ಇಲಿ ಬಾನೆಟ್ಟಿನ ಮೇಲೆ ಧೊಪ್ಪನೆ ಜಿಗಿದು, ಒಮ್ಮೆ ನಮ್ಮನ್ನೆಲ್ಲ ನೋಡಿ, ಒಳಗೆ ಇಳಿದು ಹೋಯಿತು. ನೀರು ಕೆಳಗಿತ್ತು, ದಾರಿ ಮೇಲಿತ್ತು!

ಹೋದ ತಿಂಗಳು ಬೋನಾಳದ ಬಂಧುಗಳು ಊಟಕ್ಕೆ ಕರೆದಿದ್ದರು. ಸುರಪುರದಿಂದ ಬೋನಾಳ ಎಷ್ಟು ದೂರ? ಆದರೂ ಮಾವನ ಹಟ ಏನೆಂದರೆ, ನಾನು ಬಸ್ಸು ಹಿಡಿದು ಶಹಾಪುರಕ್ಕೆ ಬರಬೇಕು, ಅಲ್ಲಿಂದ ಅವರ ಕಾರಿನಲ್ಲಿ ಮತ್ತೆ ಸುರಪುರ ದಾಟಿ ಬೋನಾಳಕ್ಕೆ ಹೋಗಬೇಕು! ಹೋದೆ. ರವಿವಾರ ಮುಂಜಾನೆ. ಮಾವ ಬಿಳಿ ಅಂಗಿ ತೊಟ್ಟು ಕೀಲಿ ತಿರುವಿದರು. ಕಾರು ಒಮ್ಮೆ ಕೆಮ್ಮಿತು, ಆಮೇಲೆ ಅದೂ ಇಲ್ಲ.

ಮಾವನ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಇಲಿ ಪಾಷಾಣದ ಪಾಕೀಟು ಹಿಡಿದುಕೊಂಡು ಬಂದರು.

"ಇವತ್ತಿಗೆ ಆಖ್ರಿ. ಒಂದೂ ಬಿಡಾಂಗಿಲ್ಲ. ಮಿಸ್ತ್ರಿನ್ನ ಕರಕೊಂಡು ಬಾ."

ಮಿಸ್ತ್ರಿ ಬಂದ. ಕೋಲಿನಿಂದ ಬಾನೆಟ್ ಎತ್ತಿ, ಹಾವಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಹೋದ. ಗಾಳಿ ಸೋಸುವ ಕರಿ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗೆ ಕಿಕ್ಕಿರಿದ ಗೂಡು. ಹತ್ತಿ, ಭತ್ತದ ಹೊಟ್ಟು, ಕಾಗದದ ಚೂರು, ಅದೆಲ್ಲದರ ನಡುವೆ ಎಳೆಎಳೆಯಾಗಿ ಬಿಡಿಸಿದ ಹಸಿರು ಬಟ್ಟೆ. ಒಂದು ತುಂಡಿನ ಅಂಚಿಗೆ ಇಳಕಲ್ ಸೀರೆಯ ಕೆಂಪು ಸೆರಗು.

ಮಾವ ಆ ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಪಾಕೀಟು ಕೈಯಿಂದ ಜಾರಿ ಬಿತ್ತು. ಅವರು ಅದನ್ನು ನೋಡಲಿಲ್ಲ. ಸರಸರನೆ ಮನೆಯೊಳಗೆ ನಡೆದರು. ಏನಾಯಿತೋ ಎಂದು ಹೆದರಿ ನಾನೂ ಹಿಂದೆ ಓಡಿದೆ.

ಮಂಚದ ಕೆಳಗಿನಿಂದ ಅತ್ತೆಯ ಟ್ರಂಕು ಎಳೆದಿದ್ದರು. ಅದನ್ನು ಅವರು ತೆರೆದದ್ದನ್ನು ನಾನೆಂದೂ ಕಂಡಿರಲಿಲ್ಲ. ಮೂಲೆಯ ತಗಡು ತುಕ್ಕು ತಿಂದು ಇಲಿ ನುಗ್ಗುವಷ್ಟು ತೂತಾಗಿತ್ತು. ಮೇಲಿನ ಸೀರೆಗಳೆಲ್ಲ ಮಡಿಕೆ ಸಮೇತ ಹಾಗೇ ಇದ್ದವು. ತಳದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಸಿರು ಸೀರೆ ಮಾತ್ರ ಅರ್ಧ ಉಳಿದಿತ್ತು.

ಈಗ ಶೆಡ್ಡಿಗೇ ಬೆಂಕಿ ಹಚ್ಚುತ್ತಾರೆ ಅಂದುಕೊಂಡೆ. ಮಾವ ಸೀರೆಯ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟು, ಟ್ರಂಕು ಮುಚ್ಚಿ, ಎದ್ದು ಹೊರಗೆ ಬಂದರು.

ಮಿಸ್ತ್ರಿ ಅಷ್ಟರಲ್ಲಿ ಗೂಡನ್ನು ಎರಡೂ ಕೈಯಿಂದ ಹೊರಗೆ ತೆಗೆದಿದ್ದ. ಬೆರಳಿನಿಂದ ಹತ್ತಿ ಸರಿಸಿ ತೋರಿಸಿದ. ಹಸಿರು ಎಳೆಗಳ ಮೇಲೆ ಆರು ಮರಿಗಳು. ಕಿರುಬೆರಳಿನ ತುದಿಯಷ್ಟು, ಗುಲಾಬಿ ಬಣ್ಣ, ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಏನ್ ಮಾಡ್ಲಿ ಕಾಕಾ? ದೂರ ಒಗದು ಬರ್ಲೇನು?"

"ಬ್ಯಾಡ," ಅಂದರು ಮಾವ. "ಹ್ಯಾಂಗಿತ್ತೋ ಹಂಗ ಇಡು."

"ವೈರು ಮತ್ತ ಕಡೀತಾವ್ರಿ!"

"ಕಡೀಲಿ."

ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಮಾವನ ಮುಖ ನೋಡಿದೆ. ಮಾವ ಆ ಮರಿಗಳನ್ನೇ ನೋಡುತ್ತಿದ್ದರು.

"ನಿಮ್ಮತ್ತಿ ಮದುವಿ ಸೀರಿ ಅದು. ಉಟ್ಟು ಉಟ್ಟು ಭಾಳ ಮೆತ್ತಗಾಗಿತ್ತು. ಕೂಸು ಹುಟ್ಟಿದ್ರ ತೊಟ್ಟಲದಾಗ ಹಾಸಾಕ ಇರ್ಲಿ ಅಂತ ಎತ್ತಿಟ್ಲು. ಆಮ್ಯಾಲ ಅದನ್ನ ಹೊರಗ ತೆಗೀಲೇ ಇಲ್ಲ ನೋಡವ್ವಾ."

ಮಿಸ್ತ್ರಿ ಉಸಿರು ಬಿಗಿಹಿಡಿದು ಗೂಡನ್ನು ಇದ್ದಲ್ಲೇ ಇಳಿಸಿದ. ಮಾವ ಬಗ್ಗಿ ಕೈಯಲ್ಲಿದ್ದ ಕೆಂಪಂಚಿನ ತುಂಡನ್ನು ಮರಿಗಳ ಮಗ್ಗುಲಿಗೆ ಸೇರಿಸಿದರು.

"ಮಲಗ್ಯಾವ," ಅಂದರು ಸಣ್ಣ ದನಿಯಲ್ಲಿ. "ಸಪ್ಪಳ ಮಾಡಬ್ಯಾಡ್ರಿ."

ಎರಡೂ ಕೈಯಲ್ಲಿ ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಒಂದಿಷ್ಟೂ ಶಬ್ದವಾಗದಂತೆ ಒತ್ತಿ ಮುಚ್ಚಿದರು.