ಮಾವನ ಬಡಿಗೆಗೆ ಸುತ್ತಿದ ಕಾರ್ಬನ್ ಪಟ್ಟಿ

ಗೋವಾದ ಝುವಾರಿನಗರದ ಹತ್ತಿರ ಫೈಬರ್ ದೋಣಿ ಮಾಡುವ ಶೆಡ್ಡಿನಲ್ಲಿ ಎಂಟು ವರ್ಷ ರಾಳ ಕಲಸಿದವನು ನಾನು. ಮುರಿದದ್ದನ್ನು ಕೂಡಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಟಿವಿ ಆಂಟೆನಾ ತಿರುಗಿಸಲು ಹೋಗಿ, ನಮ್ಮ ಮನೆಗೆ ಬಂದಿದ್ದ ಮಾವನವರ ಊರುವ ಬಡಿಗೆಯನ್ನು ಎರಡು ತುಂಡು ಮಾಡಿದಾಗಲೂ ನಾನು ಎದೆಗುಂದಲಿಲ್ಲ. ಹೆಂಡತಿ ಕಸ್ತೂರಿ ಮಾತ್ರ ಹಣೆ ಬಡಿದುಕೊಂಡಳು.

"ಅಲ್ರೀ, ನಾಳಿ ಮುಂಜಾನಿ ಅಪ್ಪ ವಿಜಾಪುರಕ್ಕ ಹೊಂಡಬೇಕು. ನಾಡದ್ದು ತಂಗೀ ನಿಶ್ಚಯ ಐತಿ. ಆ ಮೊಣಕಾಲಿಗೆ ಬಡಿಗಿ ಇಲ್ದ ಹ್ಯಾಂಗ ನಡೀತಾನ? ಹೊಸಾದು ತರ್ರಿ!"

"ಹೊಸಾದು ಯಾಕ? ವಿಮಾನಕ್ಕ ಹಾಕೂ ಕಾರ್ಬನ್ ಬಟ್ಟಿ ಸುತ್ತತೀನಿ. ಆಮ್ಯಾಲ ಮುರೀಬೇಕಂದ್ರ ಆನಿ ಬರಬೇಕು!"

ಮಾವನವರು ನಂಬಿದರು. ಪಾಪ!

ಮಾಲೀಕರನ್ನು ಕೇಳಿ ಕಾರ್ಬನ್ ಬಟ್ಟೆಯ ತುಂಡು, ಎಪಾಕ್ಸಿ ರಾಳ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ತಂದೆ. ಎಪಾಕ್ಸಿ ನಮ್ಮ ಶೆಡ್ಡಿಗೆ ಹೊಸದು. ಅಲ್ಲಿನ ಮೇಸ್ತ್ರಿ ಎರಡನ್ನೂ ಬಂಗಾರದ ಹಾಗೆ ತೂಗಿ ಕಲಸಿ, ದಿನವಿಡೀ ಮುಟ್ಟದೆ ಬಿಡುತ್ತಿದ್ದರು. ಹಳೆಯ ದೋಣಿ ರಾಳಕ್ಕಾದರೆ ಅವಸರವಿದ್ದಾಗ ಗಟ್ಟಿ ಮಾಡುವ ಔಷಧ ನಾಲ್ಕು ಹನಿ ಹೆಚ್ಚು ಹಾಕಿದರಾಯಿತು, ಚಹಾ ಕುಡಿದು ಬರುವಷ್ಟರಲ್ಲಿ ಕಲ್ಲು! ಇದಕ್ಕೂ ಅದೇ ನ್ಯಾಯವೆಂದು ತೀರ್ಮಾನಿಸಿ ಹಾರ್ಡನರ್ ದುಪ್ಪಟ್ಟು ಸುರಿದೆ.

ಬಡಿಗೆಗೆ ಸುತ್ತಿ ಮುಗಿಸುವಷ್ಟರಲ್ಲಿ, ಉಳಿದ ರಾಳವಿದ್ದ ಸ್ನಾನದ ಮಗ್ಗು ಬಿಸಿಯಾಗಿ ಹೊಗೆಯಾಡತೊಡಗಿತು.

"ರೀ, ಮಗ್ಗು ಕರಗಾಕತ್ತೈತಿ!"

"ರಾಳ ಕೆಲಸ ಮಾಡಾಕತ್ತೈತಿ, ಸುಮ್ನಿರು!"

ಬೆಳಿಗ್ಗೆ ಬಡಿಗೆ ಮುಟ್ಟಿದೆ. ಬೆಲ್ಲದ ಪಾಕ! ಹೆಚ್ಚಾದ ಹಾರ್ಡನರಿಗೆ ಜೋಡಿಯಾಗಲು ಸಾಕಷ್ಟು ರಾಳವಿಲ್ಲದೆ ಅಂಟಾಗಿಯೇ ಉಳಿದಿತ್ತು ಎಂದು ಮೇಸ್ತ್ರಿ ಆಮೇಲೆ ವಿವರಿಸಿದರು. ಆಗ ನನಗೆ ಹೊಳೆದದ್ದು ಸ್ಟೌ. ಕಾಯಿಸಿದೆ. ಇನ್ನೂ ಮೆತ್ತಗಾಯಿತು. ಬಸ್ಸಿಗೆ ಹೊತ್ತಾಗಿತ್ತು. ಹಳೆಯ ಪೇಪರ್ ಸುತ್ತಿ, ಘನ ಗಾಂಭೀರ್ಯದಿಂದ ಮಾವನವರ ಕೈಗೆ ಒಪ್ಪಿಸಿದೆ.

ಬಸ್ಸಿನ ಮೆಟ್ಟಿಲ ಬಳಿ ಅವರು ಭಾರ ಹಾಕಿದರು. ಬಡಿಗೆ ಮುರಿಯಲಿಲ್ಲ, ಬಾಗಿ ನಮಸ್ಕಾರ ಮಾಡಿತು! ಮಾವ ವಾಲಿದರು. ನಾನು ಹಾರಿ ಹಿಡಿದೆ. ನನ್ನ ಬಡಿವಾರಕ್ಕೆ ಆ ಹಿರಿಯ ಜೀವ ರಸ್ತೆಗೆ ಬೀಳುತ್ತಿತ್ತಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

"ಅಜ್ಜಾ, ಲಗೂ ಹತ್ತು!" ಎಂದು ಕಂಡಕ್ಟರ್ ಕೂಗಿದ.

ಮಾವ ನನ್ನ ಹೆಗಲು ಬಿಡಲಿಲ್ಲ. "ನೀವೂ ಹತ್ರಿ ಅಳಿಯಂದ್ರ," ಎಂದರು.

ರಜೆ ಹೇಳದೆ, ಬದಲಿ ಅಂಗಿಯಿಲ್ಲದೆ ವಿಜಾಪುರ ತಲುಪಿದೆ. ಅಲ್ಲಿಂದ ಊಟಕ್ಕೆ, ಬಚ್ಚಲಿಗೆ, ನಿಶ್ಚಯದ ಜಮಖಾನೆಗೆ, ಎಲ್ಲೆಡೆಯೂ ಅವರ ಕೈ ನನ್ನ ಹೆಗಲ ಮೇಲೆ. ಬೀಗರ ಕಡೆಯ ಹಿರಿಯರೊಬ್ಬರು, "ಇವರು ಯಾರ್ರಿ?" ಎಂದು ಕೇಳಿದರು. ದೋಣಿ ಕಟ್ಟುವವರು ಎಂದು ಪರಿಚಯಿಸುತ್ತಾರೆಂದು ನಾನು ಎದೆ ಸೆಟೆಸಿ ನಿಂತೆ.

"ಹಿರೇ ಅಳಿಯಾರಿ," ಎಂದರು ಮಾವ. "ಸದ್ಯಕ್ಕ ನನ್ನ ಬಡಿಗಿ. ಚಲೋದು ಒಂದು ಸಿಗೂತನಾ ಇದರಾಗ ನಡಸಾಕತ್ತೇನಿ."

ಇಡೀ ಜಮಖಾನೆ ನಕ್ಕಿತು. ಬಡಿಗೆಗೆ ಮಾತು ಬರುವುದಿಲ್ಲ. ನಾನು ಅವರ ಕೈಗೆ ಹೆಗಲನ್ನು ಇನ್ನಷ್ಟು ಸರಿಯಾಗಿ ಒಡ್ಡಿದೆ.