ಸಡಿಲವಾಗದ ಪ್ಯಾಂಟು

ಎರಡು ತಿಂಗಳ ಕಾಲ ನಮ್ಮ ಮನೆಯಲ್ಲಿ ನಾನು ಸಾಯುತ್ತಿದ್ದೆ. ಈ ವಿಷಯ ನನ್ನ ಹೆಂಡತಿಗೆ ಗೊತ್ತಿತ್ತು, ಬೇರೆ ಊರಿನಲ್ಲಿರುವ ನನ್ನ ಅಕ್ಕನಿಗೆ ಗೊತ್ತಿತ್ತು, ಬೆಳಗ್ಗೆ ಹಾಲು ಹಾಕುವವನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವನು ನಾನೊಬ್ಬನೇ. ಸಾಯುವವನಿಗೂ ಒಂದು ಮಾತು ತಿಳಿಸಬೇಕೆಂಬ ಸೌಜನ್ಯ ಯಾರಿಗೂ ಹೊಳೆಯಲಿಲ್ಲ. ನನಗೆ ತಿಳಿದಿದ್ದು ಇಷ್ಟೇ, ನನಗೆ ಆ್ಯಬ್ಸ್ ಬರುತ್ತಿತ್ತು.

ನಾನು ದರ್ಜಿ. ಅಂಗಡಿ ಪೇಟೆಯಲ್ಲಿ, ಮನೆ ಎರಡು ಬೀದಿಯ ಆಚೆ. ಬಟ್ಟೆ ಕತ್ತರಿಸುವುದು, ಮಿಷನ್ನಿನ ಮೇಲೆ ಹೊಲಿಯುವುದು ನನ್ನ ಕೆಲಸ. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ಇವೆಲ್ಲ ಮನೆಯಲ್ಲಿ ಕೂತು ಹೆಂಡತಿ ಮಾಡುತ್ತಾಳೆ. ಸಂಜೆ ನಾನು ಗಂಟು ಹೊತ್ತು ತರುತ್ತೇನೆ, ಬೆಳಗ್ಗೆ ಹೊತ್ತು ಹೋಗುತ್ತೇನೆ. (ಕಲಾವಿದ ನಾನು, ಸಹಾಯಕಿ ಅವಳು ಎಂದು ಆಗ ನಂಬಿದ್ದೆ.)

ಒಂದು ದಿನ ಕಟಿಂಗ್ ಮೇಜಿನ ಮೇಲೆ ಬಗ್ಗಿದವನು ಮೇಲೇಳಲಿಲ್ಲ. ಬಗ್ಗಿದ ಭಂಗಿಯಲ್ಲೇ ಡಾಕ್ಟರ ಬಳಿ ಹೋದೆ. ಅವರು ಬೆನ್ನು ಬಿಟ್ಟು ಹೊಟ್ಟೆಗೆ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು, ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಬೆನ್ನಿಗೆ ಏನೂ ಆಗಿಲ್ಲ. ಹೊಟ್ಟೆದೇ ತೊಂದರೆ. ಅದರ ಸ್ನಾಯು ಕೆಲಸಾನೇ ಮಾಡ್ತಿಲ್ಲ, ಪಾಪ, ಬೆನ್ನು ಒಂದೇ ಎಲ್ಲ ಹೊರ್ತಿದೆ" ಎಂದರು.

ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಅಲ್ಲಿನ ತರಬೇತಿಗಾರನಿಗೆ ಯಾವ ಷರಟೂ ತೋಳಿಗೆ ಹಿಡಿಸುವುದಿಲ್ಲವಾದ್ದರಿಂದ ನಮ್ಮ ಸಾಲಿನವರೆಲ್ಲ ಅವನನ್ನು ತೋಳಣ್ಣ ಎನ್ನುತ್ತೇವೆ. ಅವನಿಗೆ ಡಾಕ್ಟರ ಮಾತು ಹೇಳಿದೆ.

"ಸಾರ್, ಆ್ಯಬ್ಸ್ ಅಂದ್ರೆ ಹೊಟ್ಟೆ ಸ್ನಾಯುವಿನ ಆರು ಗಟ್ಟಿ. ಅದು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತೆ. ನಿಮ್ಮದರ ಮೇಲೆ ಕೊಬ್ಬು ಹೊದ್ದುಕೊಂಡಿದೆ, ಅಷ್ಟೇ. ಹೊದಿಕೆ ತೆಗೆದರೆ ಕಾಣುತ್ತೆ."

ಕೋಟಿನೊಳಗಿನ ಲೈನಿಂಗ್ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಕಣ್ಣು ತುಂಬುತ್ತದೆ. ಐವತ್ನಾಲ್ಕು ವರ್ಷ ನನ್ನೊಳಗೆ ಅಷ್ಟು ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳದೆ ಮಲಗಿತ್ತೆಂದು ಕೇಳಿ ತುಂಬಾ ಸಂಕಟವಾಯಿತು. ಮನೆಗೆ ಹೋದವನೇ ಹೆಂಡತಿಗೆ ಹೇಳಿದೆ.

ಅವಳು ನಕ್ಕಳು. ತೊಡೆಯ ಮೇಲಿದ್ದ ಕೋಟು ಜಾರಿ ಬೀಳುವಷ್ಟು ನಕ್ಕಳು. "ರೀ, ನಿಮ್ಮ ಹೊಟ್ಟೇಲಿ ಆರು ಗಟ್ಟಿಯಾ? ಇರೋ ಒಂದು ಗುಡ್ಡಕ್ಕೇ ಷರಟಿನ ಗುಂಡಿ ನಿಲ್ತಿಲ್ಲ!"

"ನಗಬೇಡ ಕಣೇ. ಒಳಗೆ ಇದೆಯಂತೆ."

"ಒಳಗಿರೋದು ಒಳಗೇ ಇರ್ಲಿ ಬಿಡಿ. ಈ ವಯಸ್ಸಲ್ಲಿ ಅದನ್ನ ಯಾರಿಗೆ ತೋರಿಸ್ಬೇಕು ನೀವು?"

ಆ ಪ್ರಶ್ನೆ ನೋಯಿಸಿತು. "ಆಯ್ತು, ಬಿಟ್ಟೆ" ಎಂದೆ. ಅವಳು ನಂಬಿದಳು. ಮದುವೆಯಾದಾಗಿನಿಂದ ನಾನು ಶುರುಮಾಡಿದ್ದನ್ನೆಲ್ಲ ಮರುದಿನವೇ ಬಿಟ್ಟವನು. ಈ ಸಲ ಮಾತ್ರ ಮನಸ್ಸಿನಲ್ಲೇ ಘೋರ ಪ್ರತಿಜ್ಞೆ ಮಾಡಿದೆ. ಆರೂ ಗಟ್ಟಿ ಎದ್ದು ನಿಲ್ಲುವವರೆಗೆ ಬಾಯಿ ಬಿಡುವುದಿಲ್ಲ. ಎದ್ದ ದಿನ ಷರಟು ಎತ್ತಿ ತೋರಿಸುತ್ತೇನೆ. ಯಾರಿಗೆ ಎಂದರೆ, ಅವಳಿಗೇ.

ಅಂಗಡಿಯ ಟ್ರಯಲ್ ರೂಮು ನನ್ನ ತಪೋಭೂಮಿಯಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪರದೆ ಎಳೆದುಕೊಂಡು, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನಿಲ್ಲಿಸಿ ನಡುಗುತ್ತಿದ್ದೆ. ಕೋಣೆ ನನಗಿಂತ ಒಂದು ಮೊಳ ಗಿಡ್ಡ. ಒಮ್ಮೆ ಗಂಡನ ಪ್ಯಾಂಟು ಒಯ್ಯಲು ಬಂದ ಹೆಂಗಸು ಪರದೆಯ ಕೆಳಗೆ ಎರಡು ಪಾದ ಅಡ್ಡಲಾಗಿ ಚಾಚಿಕೊಂಡಿದ್ದನ್ನು ಕಂಡು ಚೀರಿ, ದರ್ಜಿ ಹೋದ ಎಂದು ಬೀದಿಗೆಲ್ಲ ಸುದ್ದಿ ಕೊಟ್ಟಳು. ನಾನು ಎದ್ದು ಬಂದು "ಏನಿಲ್ಲಮ್ಮ, ಚಾಕ್ ಬಿದ್ದಿತ್ತು" ಎಂದೆ. ಆಕೆಯ ಮುಖಕ್ಕೆ ಬಣ್ಣ ಮರಳಲಿಲ್ಲ.

ಊಟದ ಶಿಸ್ತು ಇನ್ನೂ ಕಠೋರ. ತೋಳಣ್ಣನ ಆಜ್ಞೆಯಂತೆ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಸೌತೆಕಾಯಿ, ಉಪ್ಪಿಲ್ಲದ ಸೊಪ್ಪು. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಹಾಗೇ ವಾಪಸು ಒಯ್ಯುವಂತಿಲ್ಲವಲ್ಲ, ಪಕ್ಕದ ಅಂಗಡಿಯ ವಾಚ್ ರಿಪೇರಿಯವನಿಗೆ ಕೊಡತೊಡಗಿದೆ. ಒಂಟಿ ಮನುಷ್ಯ, ಗಡಿಯಾರದ ಮುಳ್ಳಿನಂತಿದ್ದ. ಡಬ್ಬಿ ನೆಕ್ಕಿ ತೊಳೆದು ಕೊಡುತ್ತಿದ್ದ. ನಾನು ಖಾಲಿ ಡಬ್ಬಿ ಮನೆಗೆ ಒಯ್ಯುತ್ತಿದ್ದೆ. ಮರುದಿನ ಡಬ್ಬಿಗೆ ಇನ್ನೊಂದು ಸೌಟು ಹೆಚ್ಚು ಬೀಳುತ್ತಿತ್ತು.

ಆದರೆ ಪ್ಯಾಂಟು ಸಡಿಲವಾಗಲಿಲ್ಲ.

ಟೇಪು ಕೈಯಲ್ಲೇ ಇರುವಾಗ ಅಳೆದುಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಟೇಪಿನ ಯೋಗ್ಯತೆ ದರ್ಜಿಗೆ ಗೊತ್ತು. ಸೊಂಟದ ಅಳತೆ ತೆಗೆಯುವಾಗ ಗಿರಾಕಿಗೆ ಬೇಜಾರಾಗದಿರಲೆಂದು ಟೇಪನ್ನು ಚೂರು ಬಿಗಿದು, ಸಣ್ಣ ಸಂಖ್ಯೆ ಕೂಗಿ, ಕತ್ತರಿಸುವಾಗ ದೊಡ್ಡದಾಗಿ ಕತ್ತರಿಸುವುದು ನಮ್ಮ ಕಸುಬಿನ ಮರ್ಯಾದೆ. ಊರಿಗೆಲ್ಲ ಹೇಳಿದ ಸುಳ್ಳನ್ನು ನಾನೇ ನಂಬಲೇ? ನಾನು ನಂಬುವುದು ನಾನು ಹೊಲಿದ ಪ್ಯಾಂಟನ್ನು. ಬೆಲ್ಟನ್ನೂ ಕಟ್ಟುವವನಲ್ಲ. ದರ್ಜಿ ಬೆಲ್ಟು ಕಟ್ಟಿದರೆ ಅವನ ಫಿಟ್ಟಿಂಗಿನ ಮೇಲೆ ಅವನಿಗೇ ಭರವಸೆಯಿಲ್ಲವೆಂದು ಅರ್ಥ. ಹೀಗಾಗಿ ನನ್ನ ಪಾಲಿಗೆ ಪ್ಯಾಂಟೇ ನ್ಯಾಯಾಧೀಶ. ಅದು ಪ್ರತಿ ವಾರ ಒಂದೇ ತೀರ್ಪು ಕೊಡುತ್ತಿತ್ತು, ಹೊಟ್ಟೆ ಎಳ್ಳಷ್ಟೂ ಇಳಿದಿಲ್ಲ.

"ಕನ್ನಡೀಲಿ ಗೆರೆ ಕಾಣ್ತಿದೆಯಲ್ಲ ಸಾರ್" ಎಂದ ತೋಳಣ್ಣ.

"ಕನ್ನಡಿ ಬಿಡಪ್ಪ, ಪ್ಯಾಂಟು ಒಪ್ತಿಲ್ಲ."

"ಹಾಗಾದ್ರೆ ಸಂಜೆ ಮೊಟ್ಟೇನೂ ಬಿಡಿ."

ಬಿಟ್ಟೆ.

ಇನ್ನು ಮನೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಹೇಳಬೇಕು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ನನಗೊಬ್ಬ ಅಣ್ಣನಿದ್ದ. ಅವನೂ ದರ್ಜಿ, ಅವನೂ ಬೆಲ್ಟು ಕಟ್ಟುತ್ತಿರಲಿಲ್ಲ. ಹೊಟ್ಟೆಯ ಕಾಯಿಲೆಯಲ್ಲಿ ಹೋದ. ಕೊನೆಯ ವರ್ಷ ನಮ್ಮ ಮನೆಯಲ್ಲೇ ಇದ್ದ, ಅವನ ಸೇವೆ ಮಾಡಿದವಳು ನನ್ನ ಹೆಂಡತಿ. ಕಾಯಿಲೆ ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಎದ್ದು ನಿಂತ, ಪ್ಯಾಂಟು ಜಾರಿತು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಉಳಿದ ಸಡಿಲವನ್ನು ಬೆರಳಿನಲ್ಲಿ ಅಳೆದು, ಹಾಸಿಗೆಯ ಮೇಲೆ ಕೂತ. ಆಮೇಲೆ ಅವನು ನಿಂತದ್ದನ್ನು ಯಾರೂ ನೋಡಲಿಲ್ಲ. ಭಾವನವರನ್ನು ಕೊಂದದ್ದು ಕಾಯಿಲೆಯಲ್ಲ, ಆ ಸಡಿಲ ಪ್ಯಾಂಟು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಈಗ ಅವಳ ಕಣ್ಣೆದುರು ಅವನ ತಮ್ಮ ಒಣಗುತ್ತಿದ್ದ. ಬುತ್ತಿ ಪೂರಾ ಖಾಲಿಯಾಗುತ್ತಿತ್ತು, ಮೈ ಮಾತ್ರ ಕರಗುತ್ತಿತ್ತು. ಇವರಿಗಂತೂ ತಿಳಿಯಗೊಡಬಾರದು ಎಂದು ಅವಳು ನಿಶ್ಚಯಿಸಿದಳು. ಒಗೆದು ಒಣಗಿಸಿದ ನನ್ನ ಎರಡೂ ಪ್ಯಾಂಟುಗಳ ಹಿಂದಿನ ಹೊಲಿಗೆ ಬಿಚ್ಚಿ, ಸೊಂಟವನ್ನು ಕೂದಲೆಳೆಯಷ್ಟು ಒಳಗೆ ಹಿಡಿದು, ಅದೇ ಬಣ್ಣದ ದಾರದಲ್ಲಿ, ನನ್ನ ಮಿಷನ್ನಿನ ಹೊಲಿಗೆಯಷ್ಟೇ ಅಂತರದಲ್ಲಿ ಕೈಯಿಂದ ಹೊಲಿದು, ಇಸ್ತ್ರಿ ಮಾಡಿ ಮಡಚಿಡುತ್ತಿದ್ದಳು. ಷರಟಿನ ಪಕ್ಕಗಳಿಗೂ ಅದೇ ಗತಿ. ಅವಳು ಒಳಗೆ ಹಿಡಿದಷ್ಟೂ ನಾನು ಉಪವಾಸ ಹೆಚ್ಚಿಸಿದೆ. ನಾನು ಉಪವಾಸ ಹೆಚ್ಚಿಸಿದಷ್ಟೂ ಅವಳು ಒಳಗೆ ಹಿಡಿದಳು. ಹೀಗೆ ಗಂಡ ಹೆಂಡತಿ ಇಬ್ಬರೂ ಸೇರಿ, ಅತ್ಯಂತ ಪ್ರೀತಿಯಿಂದ, ನನ್ನನ್ನು ಮುಗಿಸುತ್ತಿದ್ದೆವು.

ಒಂದು ದಿನ ಅವಳೇ ಕೇಳಿದಳು. "ರೀ, ಡಾಕ್ಟರ್ ಹತ್ರ ಹೋಗ್ಬಾರ್ದಾ?"

"ಹೋಗಿದ್ದೆನಲ್ಲ, ಬೆನ್ನು ಹಿಡ್ಕೊಂಡಾಗ."

"ಏನಂದ್ರು?"

"ಬೆನ್ನಿಗೆ ಏನಿಲ್ಲ, ಹೊಟ್ಟೆದೇ ತೊಂದರೆ ಅಂದ್ರು."

"ಹೊಟ್ಟೆದಾ?"

"ಹೂಂ. ನಾನು ನೋಡ್ಕೋತೀನಿ. ನೀನು ತಲೆ ಕೆಡಿಸ್ಕೋಬೇಡ."

ಅವಳು ಅಡಿಗೆಮನೆಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಪಾತ್ರೆ ತೊಳೆಯುವುದರಲ್ಲಿ ಇವಳದು ಎಷ್ಟು ಶ್ರದ್ಧೆ ಎಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ತಾನೇ ಎತ್ತಿ ಒಣಹಾಕುತ್ತಿದ್ದಳು. ಕೆಲವೊಮ್ಮೆ ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಸ ಮದುವಣಗಿತ್ತಿಯಾಗಿದ್ದಾಗಲೂ ಹಾಗೆ ನೋಡಿದವಳಲ್ಲ. ಆ್ಯಬ್ಸಿನ ಪ್ರಭಾವ ಬಟ್ಟೆಯ ಮೇಲಿಂದಲೇ ಬೀಳುತ್ತದೆ ಎಂದು ನಾನು ಒಳಗೊಳಗೇ ಉಬ್ಬಿದೆ.

ಒಂದು ಭಾನುವಾರ ತೋಳಣ್ಣ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡಿ, "ಬಂತು ಸಾರ್, ಆರೂ ಬಂತು" ಎಂದ. ಪ್ಯಾಂಟಿನ ತೀರ್ಪು ಏನೇ ಇರಲಿ ಎಂದು ಮನೆಗೆ ಓಡಿದೆ.

ಬಾಗಿಲಲ್ಲಿ ಅಕ್ಕನ ಚಪ್ಪಲಿ. ಒಳಗೆ ಅಕ್ಕ ಅಳುತ್ತಿದ್ದಳು. ಪಕ್ಕದಲ್ಲಿ ಹೆಂಡತಿ ಕಲ್ಲಿನಂತೆ ಕೂತಿದ್ದಳು.

"ಯಾರಕ್ಕಾ? ಯಾರು ಹೋದ್ರು?"

ಅಕ್ಕ ಮೂಗು ಒರೆಸಿಕೊಂಡಳು. "ಇನ್ನೂ ಯಾರೂ ಹೋಗಿಲ್ಲ ಕಣೋ."

ಇವರ ದುಃಖ ಮರೆಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ನನಗನ್ನಿಸಿತು. "ಇಲ್ನೋಡಿ!" ಎಂದು ಷರಟು ಎತ್ತಿದೆ.

ಅಕ್ಕ ಕಿರುಚಿದ ಸದ್ದಿಗೆ ಎದುರುಮನೆಯವರು ಕಿಟಕಿ ತೆಗೆದರು. "ಅಯ್ಯೋ, ಅಣ್ಣಂಗೂ ಹೀಗೇ ಎಲುಬು ಎದ್ದಿತ್ತಲ್ಲೋ!"

"ಎಲುಬಲ್ಲಕ್ಕಾ, ಆ್ಯಬ್ಸು!"

"ಅದು ಯಾವ ಕಾಯಿಲೆನೋ? ಔಷಧಿ ಇದೆಯಾ ಅದಕ್ಕೆ?"

"ಕಾಯಿಲೆ ಅಲ್ಲ! ನಾನೇ ಮಾಡ್ಕೊಂಡದ್ದು! ಮೊಟ್ಟೆ ತಿಂದು, ಹಲಗೆ ಥರ ನಿಂತು..."

"ಬುತ್ತಿ?" ಎಂದು ಹೆಂಡತಿ ಕೇಳಿದಳು. ಅದು ಅವಳ ಮೊದಲ ಮಾತು.

"ವಾಚಿನವನಿಗೆ ಕೊಡ್ತಿದ್ದೆ."

"ಅದಕ್ಕೇ ಅವನು ಮೊನ್ನೆ ಕುರ್ಚಿ ಮುರಿದದ್ದು" ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದು ಹೋಗಿ ಹಗ್ಗದ ಮೇಲಿದ್ದ ನನ್ನ ಪ್ಯಾಂಟು ತಂದು, ಒಳಮಗ್ಗಲು ತಿರುವಿ ನನ್ನ ಮುಂದೆ ಹಿಡಿದಳು. ಸೊಂಟದಲ್ಲಿ ಒಳಗೆ ಹಿಡಿದ ಬಟ್ಟೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿತ್ತು. ಊರಿನ ಯಾವ ಪ್ಯಾಂಟಿನ ಯಾವ ಹೊಲಿಗೆ ಯಾರ ಕೈಯದೆಂದು ದೂರದಿಂದಲೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವ ನಾನು ಅದನ್ನೇ ತೊಟ್ಟು ತಿರುಗುತ್ತಿದ್ದೆ.

"ನಿಮಗೆ ಗೊತ್ತಾಗ್ಬಾರ್ದು ಅಂತ" ಎಂದಳು. ಆಮೇಲೆ ಎರಡು ತಿಂಗಳಿನಿಂದ ಕೂಡಿಟ್ಟ ಬೈಗುಳವೆಲ್ಲ ಒಟ್ಟಿಗೆ ಬಂತು. ನಾನು ಹೊಟ್ಟೆ ಬಿಗಿಹಿಡಿದು ನಿಂತು ಕೇಳಿದೆ. ವ್ಯಾಯಾಮ ಅಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು.

ಬೈದು ಮುಗಿಸಿ ಅವಳು ಬೀರುವಿನ ಕಡೆ ನಡೆದಳು. "ಬೇಡ ಕಣೇ, ಅದನ್ನ ತೆಗೀಬೇಡ" ಎಂದು ಅಕ್ಕ ಅಡ್ಡ ಬಂದಳು. ಅವಳು ಕೇಳಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕಪ್ಪು ಕೋಟನ್ನು ಬಿಚ್ಚಿ ಕೊಟ್ಟಳು.

"ಹಾಕ್ಕೊಳ್ಳಿ."

ಹಾಕಿಕೊಂಡೆ. ಕನ್ನಡಿಯಲ್ಲಿ ನಿಂತವನು ಯಾರೋ ದೊಡ್ಡ ಮನುಷ್ಯ. ಭುಜದಲ್ಲಿ ಒಂದು ಸುಕ್ಕಿಲ್ಲ, ಕಾಲರು ಕುತ್ತಿಗೆಯನ್ನು ಕೇಳಿಕೊಂಡು ಕೂತಂತಿತ್ತು. ನಾನು ಹೊಲಿದ ಎಲ್ಲ ಕೋಟಿಗೂ ಬಲಭುಜ ಕೊಂಚ ಎಳೆಯುತ್ತದೆ. ಗಿರಾಕಿಗಳಿಗೆ ಅವರ ಭುಜವೇ ಸೊಟ್ಟ ಎಂದು ಹೇಳಿ ಸಾಗಿಸಿಕೊಂಡು ಬಂದಿದ್ದೇನೆ. ಇದು ಎಳೆಯಲಿಲ್ಲ.

"ಯಾರು ಕತ್ತರಿಸಿದ್ದು?"

"ನಾನೇ. ನೀವು ಹೋದ್ಮೇಲೆ ಅಂಗಡಿ ಯಾರು ನೋಡ್ಬೇಕು? ಕಲಿತೆ. ನೀವು ರಾತ್ರಿ ಮಲಗಿದ್ದಾಗ ಅಳತೆ ತಗೊಂಡೆ."

"ಯಾರ ಹತ್ರ ಕಲಿತೆ?"

"ಮದುವೆ ಆದಾಗಿಂದ ನೀವು ಕತ್ತರಿಸಿದ್ದನ್ನ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ. ಎಲ್ಲಿ ತಪ್ಪಾಗುತ್ತೆ ಅಂತ ನನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಮಾತು ಬದಲಿಸಲು ಕೋಟಿನೊಳಗೆ ಕೈಹಾಕಿದೆ. "ಬೆನ್ನಿಗೆ ಲೈನಿಂಗ್ ಹಾಕಿಲ್ವಲ್ಲೇ?"

"ಮಲಗಿರೋರ ಬೆನ್ನು ಯಾರು ನೋಡ್ತಾರೆ?"

"ಇದು... ಯಾವಾಗ ಹಾಕ್ಕೊಳ್ಳೋಕೆ ಅಂತ ಹೊಲಿದೆ?"

"ಹಾಕ್ಕೊಳ್ಳೋ ಕಷ್ಟ ನಿಮಗೆ ಇರ್ತಿರ್ಲಿಲ್ಲ ರೀ. ನಾವೇ ಹಾಕಿ ಕಳಿಸ್ತಿದ್ವಿ."

ಅಕ್ಕ ಮತ್ತೆ ಅಳತೊಡಗಿದಳು. ನನ್ನ ಹೆಂಡತಿ ಹತ್ತಿರ ಬಂದು, ಕಾಲರಿನ ಮೇಲೆ ಅಂಟಿದ್ದ ಒಂದು ದಾರದ ಎಳೆ ತೆಗೆದು, ಕೈಯನ್ನು ನನ್ನ ಎದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟಳು. ಗಟ್ಟಿಗಳ ಮೇಲಲ್ಲ, ಅದಕ್ಕೂ ಮೇಲೆ, ಎಡಕ್ಕೆ. ಬಡಿತ ಸಿಕ್ಕಿತೆಂದು ಕಾಣುತ್ತದೆ, ಕೈ ತೆಗೆದಳು.

"ನಾಳೆಯಿಂದ ಕತ್ತರಿ ನನ್ನ ಹತ್ರ ಇರ್ಲಿ" ಎಂದಳು.

"ನಾನು?"

"ನೀವು ಕಾಜಾ ಹೊಲೀರಿ."

ಎದುರು ಹೇಳುವ ಧೈರ್ಯವಿರಲಿಲ್ಲ. ಕೋಟು ಮೈಮೇಲೇ ಇತ್ತು, ಪುರಾವೆ ಅಷ್ಟು ಚೆನ್ನಾಗಿ ಹಿಡಿಸಿತ್ತು.

ಈಗ ಅಂಗಡಿಯ ಮೇಜಿನ ಮುಂದೆ ಅವಳು ನಿಲ್ಲುತ್ತಾಳೆ. ನಾನು ಹಿಂದೆ, ಟ್ರಯಲ್ ರೂಮಿನ ಪರದೆಯ ಮರೆಯಲ್ಲಿ, ಒಂದು ಸ್ಟೂಲಿನ ಮೇಲೆ. ನೆಟ್ಟಗೆ ಕೂರುವಷ್ಟು ಬಲ ಬೆನ್ನಿಗೆ ಬಂದಿದೆ, ಡಾಕ್ಟರಿಗೆ ಸಂತೋಷ. ಮೊನ್ನೆ ಹಳೆಯ ಗಿರಾಕಿಯೊಬ್ಬರು ಹೊಸ ಕೋಟು ಹಾಕಿಕೊಂಡು, ಭುಜವನ್ನು ಆಡಿಸಿ ನೋಡಿ, ಆನಂದದಿಂದ ಕನ್ನಡಿಯ ಮುಂದೆ ತಿರುಗಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ವಿಷಯ ಕೇಳ್ದೆ ತಾಯಿ. ಬೇಜಾರಾಯ್ತು. ನಿಮ್ಮ ಯಜಮಾನ್ರು ಒಳ್ಳೆ ಮನುಷ್ಯ ಆಗಿದ್ರು. ಆದ್ರೂ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಕೋಟು ಮಾತ್ರ ಈಗ್ಲೇ ಸರಿಯಾಗಿ ಕೂತಿದೆ."

ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದಳು.

ನಾನು ಉಸಿರು ಬಿಗಿಹಿಡಿದು, ಕೋಟು ಅವರ ಮೈಯಿಂದ ಇಳಿದು ಅವರು ಹೊರಟುಹೋಗುವವರೆಗೂ ಅಲುಗದೆ ಕೂತೆ. ವ್ಯಾಪಾರ ಕೆಡಬಾರದಲ್ಲ.